ಎಂಟು ಕರಿ ಕುರಿಗಳ ಸಾಕ್ಷಿ

ಹಾಕಿಂಗ್ ಮನೆತನದ ಮಂದೆಯಲ್ಲಿ ಕರಿ ಮರಿ ಹುಟ್ಟುವುದಿಲ್ಲ ಎಂಬುದು ಬರ್ರಾ ಊರಿನ ಸುತ್ತಮುತ್ತ ಎಲ್ಲರೂ ಒಪ್ಪಿದ ಮಾತು. ಒಪ್ಪದವರೂ ಯಜಮಾನ ಪರ್ಸ್ ಹಾಕಿಂಗ್‌ನ ಎದುರು ಒಪ್ಪುತ್ತಿದ್ದರು. ಮೆರಿನೋ ಕುರಿ ತಳಿ ಬೆಳೆಸುವವನಿಗೆ ಬಿಳಿ ಉಣ್ಣೆಯೇ ಮಾನ. ನಾಲ್ಕು ಕರಿ ಎಳೆ ಸೇರಿದರೆ ಇಡೀ ಮೂಟೆ ಕೆಟ್ಟಿತೆಂದೇ ಲೆಕ್ಕ. ಹೀಗಿರುವಾಗ ಜುಲೈ ತಿಂಗಳ ಒಂದು ಬೆಳಿಗ್ಗೆ, ಡಚೆಸ್ ಎಂಬ ಮೇಲ್ತರದ ಕುರಿ ಇದ್ದಿಲಿನಷ್ಟು ಕಪ್ಪು ಮರಿಯೊಂದನ್ನು ನೆಕ್ಕುತ್ತ ನಿಂತಿತ್ತು. ಕಾರಣ ಹುಡುಕಲು ಪರ್ಸ್‌ಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

“ಅಡ್ಮಿರಲ್,” ಅಂದ. “ಹೊರಗಿನ ರಕ್ತ. ಇನ್ನೇನಾಗುತ್ತೆ?”

ಅಡ್ಮಿರಲ್ ಹೊಸ ಟಗರು. ಅಡಿಲೇಡ್ ಸಂತೆಯಲ್ಲಿ ಅದನ್ನು ಆರಿಸಿದವಳು ಮಗಳು ಮರ್ಲ್. ಇಪ್ಪತ್ತೊಂಬತ್ತು ವರ್ಷದ ಮರ್ಲ್‌ಗೆ ಟಗರು ಆರಿಸುವ ಅವಕಾಶ ಸಿಕ್ಕಿದ್ದು ಅದೇ ಮೊದಲು. ಅದಕ್ಕೂ ಹಿಂದೆ ಮೂವತ್ತು ವರ್ಷ ಪರ್ಸ್‌ನ ಕಣ್ಣಿಗೆ ಬಿದ್ದದ್ದೇ ಟಗರು.

“ಶನಿವಾರ ಲಾರಿ ಬರುತ್ತೆ, ಕಸಾಯಿಖಾನೆಗೆ ಹತ್ತಿಸಿಬಿಡ್ತೀನಿ,” ಅಂದ ಪರ್ಸ್. “ಇನ್ಮೇಲೆ ಆರಿಸೋ ಕೆಲಸ ನನಗಿರಲಿ. ನೀನು ಚಹಾ ಮಾಡ್ಕೊಂಡಿರು, ಸಾಕು.”

ಮರ್ಲ್‌ಗೆ ಮೈಯೆಲ್ಲ ಉರಿಯಿತು. ಟಗರಿಗಾಗಿ ಅರ್ಧ, ಚಹಾಕ್ಕಾಗಿ ಅರ್ಧ. ಅವಳು ಊರಿನ ಗ್ರಂಥಾಲಯದಿಂದ ತಂದ ತಳಿಶಾಸ್ತ್ರದ ಪುಸ್ತಕವನ್ನು ಎರಡು ಚಳಿಗಾಲ ಕೂತು ಓದಿದ್ದಳು. ಬಟಾಣಿ ಬೆಳೆದು ಲೆಕ್ಕ ಹಾಕಿದ ಆ ಪಾದ್ರಿಯ ಮಾತು ಕುರಿಗೂ ಸಲ್ಲುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಅಪ್ಪ, ಸ್ವಲ್ಪ ಕೇಳು. ಮರಿ ಕರಿಯಾಗ್ಬೇಕಾದ್ರೆ ತಾಯಿ ಕಡೆಯಿಂದ ಒಂದು ಕರಿ, ತಂದೆ ಕಡೆಯಿಂದ ಒಂದು ಕರಿ, ಎರಡೂ ಬರ್ಬೇಕು. ಒಂದೇ ಬಂದ್ರೆ ಬಿಳಿ ಅದನ್ನ ಮುಚ್ಚಿಹಾಕುತ್ತೆ. ಅಂದ್ರೆ ಡಚೆಸ್ ಒಳಗೂ ಕರಿ ಅವಿತಿದೆ. ಡಚೆಸ್ ಹೊರಗಿನವಳಾ?”

“ಡಚೆಸ್ ಸುಲ್ತಾನನ ಮೊಮ್ಮಗಳು ಕಣೇ!”

ಅಷ್ಟು ಹೇಳಿದರೆ ಪರ್ಸ್‌ನ ಮಟ್ಟಿಗೆ ವಾದ ಮುಗಿಯಿತು. ಸುಲ್ತಾನ ಆ ಮನೆಯ ಮುದಿ ಟಗರು. ಜಗುಲಿಗೆ ಬಂದು ಯಜಮಾನನ ಕೈಯಿಂದ ಬಿಸ್ಕತ್ತು ತಿನ್ನುತ್ತಿತ್ತು. ಮರ್ಲ್‌ಗೆ ಹುಟ್ಟುಹಬ್ಬದ ದಿನವೂ ಸಿಗದ ಮುದ್ದು ಅದಕ್ಕೆ ದಿನಾ ಸಿಗುತ್ತಿತ್ತು.

ಬೇಲಿಗೆ ಒರಗಿ ನಿಂತಿದ್ದ ಪಕ್ಕದ ಜಮೀನಿನ ಗಸ್ ನೊಸ್ಕೆಗೆ ಇಂಥ ಜಗಳ ಎಂದರೆ ಹಬ್ಬ. “ಪುಸ್ತಕ ಓದಿದ್ರೆ ಮರಿ ಬೆಳ್ಳಗಾಗುತ್ತಾ, ಮರ್ಲ್?”

“ಬೆಳ್ಳಗಾಗಲ್ಲ ಗಸ್ ಮಾಮ. ಆದ್ರೆ ಯಾರು ಕಳ್ಳ ಅಂತ ಗೊತ್ತಾಗುತ್ತೆ. ವಿನ್ನಿ ಅತ್ತೆ ಹತ್ರ ಎಂಟು ಕರಿ ಕುರಿ ಇವೆಯಲ್ಲ? ಕರಿ ಕುರಿ ಹತ್ರ ಕೊಡೋಕೆ ಕರಿ ಬಿಟ್ರೆ ಬೇರೇನೂ ಇಲ್ಲ. ಅವುಗಳ ಜೊತೆ ಅಡ್ಮಿರಲ್‌ನ ಬಿಡೋಣ. ಅವನೊಳಗೆ ಕರಿ ಅವಿತಿದ್ರೆ ಮರಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಕರಿ ಹುಟ್ಬೇಕು. ಅವನು ಶುದ್ಧ ಆಗಿದ್ರೆ ಎಲ್ಲಾ ಬಿಳಿ.”

“ಒಂದೇ ಒಂದು ಕರಿ ಬಂದ್ರೆ?” ಪರ್ಸ್ ಕೇಳಿದ.

“ಅವನನ್ನ ನಾನೇ ಲಾರಿಗೆ ಹತ್ತಿಸ್ತೀನಿ. ಆಮೇಲೆ ಸಾಯೋವರೆಗೂ ಚಹಾ ಮಾಡ್ತೀನಿ, ಟಗರಿನ ಸುದ್ದಿ ಎತ್ತಲ್ಲ. ಎಂಟೂ ಬಿಳಿ ಬಂದ್ರೆ ಮಾತ್ರ ಈ ಮಂದೆಗೆ ಟಗರು ಆರಿಸೋಳು ನಾನು.”

ಗಸ್ ಸಾಕ್ಷಿಯಾಗಿ ನಿಂತಿದ್ದರಿಂದ ಪರ್ಸ್ ಹಿಂದೆ ಸರಿಯುವಂತಿರಲಿಲ್ಲ. ನೂಲಿನಂತೆ ಸೀರೆ ಎಂದು ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ಒಳಗೆ ಅವಿತ ಎಳೆ ಎರಡು ಮೂರು ತಲೆಮಾರು ತೆಪ್ಪಗಿದ್ದು ಎದ್ದು ಬರುತ್ತದೆ ಎಂದರೆ ಆ ವಯಸ್ಸಿನ ಗಂಡಸರಿಗೆ ಅವಮಾನವಾಗುತ್ತದೆ.

ನವೆಂಬರಿನಲ್ಲಿ ಮರ್ಲ್ ಮನೆಯ ಹಿಂದಿನ ದೊಡ್ಡಿಗೆ ಎದೆಯೆತ್ತರ ಬೇಲಿ ಹಾಕಿದಳು. ವಿನ್ನಿಯಿಂದ ಕೇಳಿ ತಂದ ಎಂಟು ಕರಿ ಕುರಿಗಳನ್ನೂ ಅಡ್ಮಿರಲ್‌ನನ್ನೂ ಒಳಗೆ ಬಿಟ್ಟು, ಗೇಟಿಗೆ ಬೀಗ ಜಡಿದು, ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡಳು. ಸ್ನಾನಕ್ಕೆ ಹೋದಾಗಲೂ ಬಿಚ್ಚಲಿಲ್ಲ. ಆರು ವಾರ ಕಳೆದು ಅಡ್ಮಿರಲ್ ಹೊರಬಂದ; ಆಮೇಲೆ ಉಳಿದದ್ದು ಕಾಯುವುದು.

ಏಪ್ರಿಲ್ ಕೊನೆಯ ವಾರ ಕುರಿಗಳು ಈಯತೊಡಗಿದವು. ಮರ್ಲ್ ಅತ್ತೆ ಎಂದು ಕರೆಯುವ ವಿನ್ನಿ ಟ್ರೆಲೋರ್ ಮಡಿಸುವ ಕುರ್ಚಿ, ಹೆಣಿಗೆ, ಫ್ಲಾಸ್ಕು ಸಮೇತ ಬಂದು ಬೇಲಿಯ ಪಕ್ಕ ಠಿಕಾಣಿ ಹೂಡಿದಳು. ಕುರಿ ಅವಳವು, ನೂಲುವವಳೂ ಅವಳೇ. ಅವಳ ಆಸೆಯೇ ಬೇರೆ.

“ನೋಡು ಮಗಳೇ, ಮುಚ್ಚುಮರೆ ಯಾಕೆ, ನನಗೆ ಕರಿ ಮರಿ ಬೇಕು. ಬಿಳಿ ಉಣ್ಣೆ ತಗೊಂಡು ನಾನೇನು ಮಾಡ್ಲಿ? ನೀನು ಗೆದ್ರೆ ನನ್ನ ರಾಟೆ ಉಪವಾಸ.”

“ಅತ್ತೆ, ನೀವು ನನ್ನ ಕಡೆಯೋ ಅವರ ಕಡೆಯೋ?”

“ನಾನು ಸ್ವೆಟರಿನ ಕಡೆ.”

ಮೊದಲ ಮರಿ ಬಿಳಿ. ಮರ್ಲ್ ಕುಣಿದೇಬಿಟ್ಟಳು. ಎರಡನೆಯದೂ ಬಿಳಿ. ಮಾರನೆಯ ದಿನ ಬೆಳಗಾಗುವಾಗ ಒಟ್ಟಿಗೆ ಎರಡು ಕುರಿ ಈದವು, ಎರಡೂ ಬಿಳಿ. ಕರಿ ತಾಯಂದಿರ ಹೊಟ್ಟೆಯಡಿ ಬಿಳಿ ಬಾಲಗಳು ಪಟಪಟ ಆಡುತ್ತಿದ್ದವು. ಐದನೆಯದೂ ಬಿಳಿ. ಒಂದೊಂದು ಬಿಳಿ ಮರಿಗೂ ಅಡ್ಮಿರಲ್‌ನ ಮೇಲಿನ ಅನುಮಾನ ಅರ್ಧಕ್ಕರ್ಧ ಇಳಿಯುತ್ತ ಹೋಗುತ್ತದೆ ಎಂದು ಅವಳು ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು, ಹಾಲಿನ ಗಾಡಿಯವನಿಗೂ ಬಿಡಲಿಲ್ಲ.

“ಐದು ಅಂದ್ರೆ ಏನು ಮಹಾ?” ಅಂದ ಗಸ್. “ಮೊನ್ನೆ ಆನ್ಜಾಕ್ ದಿನ, ಆ ಸೈನಿಕರ ನೆನಪಿನ ಹಬ್ಬಕ್ಕೆ, ಪಬ್ಬಿನ ಹಿಂದೆ ನಾಣ್ಯ ಚಿಮ್ಮಿದೆ. ಸಾಲಾಗಿ ಐದು ಸಲ ತಲೆ ಬಿತ್ತು, ದೇವರಾಣೆ.”

“ಐದು ಬಿದ್ದೀತು ಮಾಮ. ಎಂಟು ಬೀಳಿಸಿ ನೋಡೋಣ! ಇನ್ನೂರೈವತ್ತಾರು ಸಲ ಆಡಿದ್ರೆ ಒಂದು ಸಲ ಬಿದ್ರೆ ಹೆಚ್ಚು.”

ಪರ್ಸ್ ದಿನಕ್ಕೆ ನಾಲ್ಕು ಸಲ ಏನೋ ನೆಪ ಮಾಡಿ ದೊಡ್ಡಿಯ ಕಡೆ ಬಂದು ಹೋಗುತ್ತಿದ್ದ. ಆರನೆಯದೂ ಬಿಳಿ ಎಂದಾಗ ಅವನ ಮುಖ ಬಾಡಿದ್ದನ್ನು ಮರ್ಲ್ ಕಂಡಳು. ಸೋಲುವವನ ಸಂಕಟ ಎಂದುಕೊಂಡು ಒಳಗೊಳಗೇ ಹಿಗ್ಗಿದಳು.

ಏಳನೆಯ ಮರಿಯ ದಿನ ಬೆಳಿಗ್ಗೆ ಅವಳನ್ನು ಎಬ್ಬಿಸಿದ್ದು ಗಸ್‌ನ ಕೂಗು. “ಕರಿ! ಪರ್ಸ್! ಬಾರಯ್ಯ, ಕರಿ ಬಿತ್ತು!”

ಮರ್ಲ್ ಬರಿಗಾಲಲ್ಲಿ ಓಡಿದಳು. ದೊಡ್ಡಿಯ ಮೂಲೆಯಲ್ಲಿ ಏಳನೆಯ ಕುರಿಯ ಪಕ್ಕ ಪುಟ್ಟ ಕರಿ ಮರಿಯೊಂದು ಕಾಲು ನಡುಗಿಸುತ್ತ ನಿಂತಿತ್ತು. ಒಂದು ಕರಿ ಬಂದರೆ ಆರು ಬಿಳಿಗೂ ಬೆಲೆಯಿಲ್ಲ, ಮಾತು ಮಾತೇ. ವಿನ್ನಿ ಸೂಜಿ ಕೆಳಗಿಟ್ಟು, “ಅಯ್ಯೋ ಕೂಸೇ,” ಅಂದಳು. ತನಗೆ ಬೇಕಾದ ಬಣ್ಣವೇ ಸಿಕ್ಕಿದ್ದರೂ ಅವಳ ಮುಖದಲ್ಲಿ ಗೆಲುವಿರಲಿಲ್ಲ.

ಮರ್ಲ್ ಬೇಲಿ ಹಾರಿ ಮರಿಯನ್ನು ಎತ್ತಿಕೊಂಡಳು. ಎತ್ತಿದ ಕೈ ಕಪ್ಪಾಯಿತು, ಅಂಗಿಯೂ ಕಪ್ಪಾಯಿತು. ಅವಳು ಮೂಲೆ ನೋಡಿದಳು. ಹಿಂದಿನ ದಿನ ಪರ್ಸ್ ಬೆಂಕಿ ಹಚ್ಚಿ ಸುಟ್ಟಿದ್ದ ಹಳೇ ನೀಲಗಿರಿ ಬೊಡ್ಡೆ ಅಲ್ಲಿತ್ತು. ಅದರ ಇದ್ದಿಲ ಪುಡಿ ಇನ್ನೂ ಬೆಚ್ಚಗಿತ್ತು. ಹಸಿ ಮೈಯ ಮರಿ ಚಳಿಗೆ ಅದರಲ್ಲಿ ಹೊರಳಾಡಿ ಬಂದಿತ್ತು.

“ನೀರು! ಬಕೆಟ್ಟು ತನ್ನಿ, ಬಿಸಿ ನೀರು!”

ಬಟ್ಟೆ ಒಗೆಯುವ ಬಾನಿಯಲ್ಲಿ ಮರ್ಲ್, ವಿನ್ನಿ, ಗಸ್ ಮೂವರೂ ಸೇರಿ ಮರಿಯನ್ನು ತೊಳೆದರು. ನೀರು ಕಪ್ಪಾಗುತ್ತ ಹೋಯಿತು, ಮರಿ ಬೆಳ್ಳಗಾಗುತ್ತ ಬಂತು. ವಿನ್ನಿ ನಕ್ಕೂ ನಕ್ಕೂ ಕುರ್ಚಿಗೆ ಒರಗಿದಳು. ಗಸ್ ಮಾತ್ರ, “ಸೋಪು ಹಾಕಿದ್ರೆ ನನ್ನ ಮೊಮ್ಮಗನೂ ಬೆಳ್ಳಗಾಗ್ತಾನೆ, ಅದೇನು ಸಾಕ್ಷಿ?” ಎಂದು ಗೊಣಗಿದ. ಮರ್ಲ್ ಅದೇ ಕಪ್ಪು ಕೈಯಿಂದ ಅವನ ಕೆನ್ನೆ ತಟ್ಟಿದಳು.

ಎಂಟನೆಯ ಕುರಿ ಅದೇ ಮಧ್ಯಾಹ್ನ ನೋವು ತಿನ್ನತೊಡಗಿತು. ಒಂದು ಗಂಟೆಯಾದರೂ ಮರಿ ಬರಲಿಲ್ಲ. ಆಗ ಪರ್ಸ್ ತಾನಾಗಿ ಬಂದು ಮಂಡಿಯೂರಿ ಕುರಿಯ ತಲೆ ಹಿಡಿದ. “ಕಾಲು ಮಡಿಸ್ಕೊಂಡಿದೆ. ನನ್ನ ಕೈ ದಪ್ಪ, ನೀನು ಹಾಕು. ಮೆಲ್ಲಗೆ. ಅದು ತಿಣುಕಿದಾಗ ಮಾತ್ರ ಎಳಿ.” ಮರ್ಲ್ ಮೊಣಕೈವರೆಗೆ ಎಣ್ಣೆ ಸವರಿಕೊಂಡು ಕೈ ಹಾಕಿದಳು. ಬೆರಳಿಗೆ ಪುಟ್ಟ ಗೊರಸು ಸಿಕ್ಕಿತು. ಬಣ್ಣ ಬೆರಳಿಗೆ ತಿಳಿಯುವುದಿಲ್ಲ ಎಂಬುದು ಅವಳಿಗೆ ಆ ಹೊತ್ತು ದೊಡ್ಡ ಅನ್ಯಾಯವೆನಿಸಿತು. ಕುರಿ ತಿಣುಕಿತು, ಅವಳು ಎಳೆದಳು, ಮರಿ ಹುಲ್ಲಿನ ಮೇಲೆ ಜಾರಿ ಬಿತ್ತು.

ಬಿಳಿ!

“ಎಂಟು!” ಮರ್ಲ್ ಕಿರುಚಿದಳು. “ಎಂಟಕ್ಕೆ ಎಂಟು! ಅಡ್ಮಿರಲ್ ಶುದ್ಧ!” ಅವಳು ವಿನ್ನಿಯನ್ನು ತಬ್ಬಿಕೊಂಡಳು, ಗಸ್‌ನನ್ನು ತಬ್ಬಿಕೊಂಡಳು, ಅಪ್ಪನ ಕಡೆ ತಿರುಗಿದಳು. ಪರ್ಸ್ ಮರಿಯ ಮೂಗು ಒರೆಸುತ್ತ ಕೂತೇ ಇದ್ದ.

“ಎಲ್ಲಾ ಸರಿ,” ಅಂದಳು ವಿನ್ನಿ. “ಹಂಗಾದ್ರೆ ಡಚೆಸ್ ಮರಿಗೆ ಅಪ್ಪ ಯಾರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಪರ್ಸ್ ತಕ್ಷಣ ಎದ್ದು ನಿಂತ. “ಯಾಕೆ, ನನ್ನನ್ನ ಯಾಕೆ ಕೇಳ್ತೀಯ?”

“ಯಾರೂ ನಿನ್ನನ್ನ ಕೇಳಿಲ್ಲ, ಅಪ್ಪ,” ಅಂದಳು ಮರ್ಲ್.

ಅವನು ಟೋಪಿ ತೆಗೆದ, ಮತ್ತೆ ಹಾಕಿಕೊಂಡ. “ಹೋದ ವರ್ಷ ಫೆಬ್ರವರಿಲಿ ಒಂದು ಮಧ್ಯಾಹ್ನ. ಅಡ್ಮಿರಲ್‌ನ ಹೆಣ್ಣುಗಳನ್ನ ನೋಡಿ ಸುಲ್ತಾನ ಬೇಲಿ ಹತ್ರ ನಿಂತು ಒಂದೇ ಸಮನೆ ಕೂಗ್ತಿದ್ದ. ಮುದುಕ, ಪಾಪ ಅನ್ನಿಸ್ತು. ಗೇಟು ತೆಗೆದೆ. ಅರ್ಧ ಗಂಟೆ ಅಷ್ಟೆ.”

“ಅಪ್ಪ! ಅದನ್ನ ಬಚ್ಚಿಟ್ಕೊಂಡು ಇಷ್ಟು ದಿನ ಅಡ್ಮಿರಲ್ ಮೇಲೆ ಹೊರಿಸಿದ್ಯಾ?”

“ಸುಲ್ತಾನನಿಂದ ಕರಿ ಬರುತ್ತೆ ಅಂತ ನಾನು ನಂಬಲಿಲ್ಲ ಕಣೇ. ನಂಬೋಕೆ ಆಗಲಿಲ್ಲ.”

ಮರ್ಲ್ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ತಲೆಯೊಳಗಿನ ಲೆಕ್ಕ ಮುಂದಕ್ಕೆ ಓಡಿತು. ಸುಲ್ತಾನನಲ್ಲೂ ಕರಿ ಅವಿತಿದೆ, ಅವನ ಮೊಮ್ಮಗಳಲ್ಲೂ ಅವಿತಿದೆ. ಮೂವತ್ತು ವರ್ಷದಿಂದ ಒಂದೇ ವಂಶದೊಳಗೆ ಕೂಡಿಸುತ್ತ ಬಂದ ಮಂದೆ ಇದು. ಅವಿತಿಟ್ಟುಕೊಂಡ ಎರಡು ಕೂಡಿದರೆ ನಾಲ್ಕಕ್ಕೊಂದು ಕರಿ. “ಅಪ್ಪ,” ಅಂದಳು ಮೆಲ್ಲಗೆ, “ಡಚೆಸ್ ಮರಿ ಮೊದಲನೇದಲ್ಲ. ಮೊದಲನೇದಾಗಿರೋಕೆ ಸಾಧ್ಯವೇ ಇಲ್ಲ. ಎಷ್ಟು?”

ಬರ್ರಾದಲ್ಲಿ ಈ ಪ್ರಶ್ನೆಯನ್ನು ಯಾರೂ ಯಾರನ್ನೂ ಕೇಳುವುದಿಲ್ಲ. ಕರಿ ಮರಿ ಹುಟ್ಟಿದರೆ ಯಜಮಾನ ಯಾರೂ ಏಳುವ ಮುಂಚೆ ಸಲಿಕೆ ಹಿಡಿದು ಹೋಗಿ ಹೂತು ಬರುತ್ತಾನೆ. ವಾರದೊಳಗೆ ತಾಯಿ ಕುರಿ ಸಂತೆಗೆ ಹೋಗುತ್ತದೆ, ಟಗರಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಗಸ್ ನೊಸ್ಕೆ ಇದ್ದಕ್ಕಿದ್ದಂತೆ ತನಗೆ ಕೆಲಸವಿದೆ ಎಂದು ತನ್ನ ಗಾಡಿಯತ್ತ ಹೆಜ್ಜೆ ಹಾಕಿದ.

“ಹನ್ನೊಂದು,” ಅಂದ ಪರ್ಸ್. “ನಿಮ್ಮಮ್ಮನಿಗೂ ಹೇಳಿರಲಿಲ್ಲ.”

ಮರ್ಲ್‌ಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಅಳು, ಅದರ ಬೆನ್ನಿಗೇ ಉತ್ಸಾಹ. “ತಾಯಂದಿರು ಯಾರ್ಯಾರು? ನೆನಪಿದೆಯಾ?”

“ಮರೆಯೋದು ಹೇಗೆ? ಬರ್ಕೋ. ಟಗರು ಆರಿಸೋಳಿಗೆ ಇವೆಲ್ಲ ಗೊತ್ತಿರಬೇಕು. ಯಾರು ಉಳೀಬೇಕು, ಯಾರು ಹೋಗ್ಬೇಕು, ನೀನೇ ಹೇಳು. ಸುಲ್ತಾನನನ್ನೂ ಸೇರಿಸಿ.”

ಅವಳು ಖಾಲಿ ಮೂಟೆಯೊಂದನ್ನು ನೆಲಕ್ಕೆ ಹಾಸಿ, ಕುರಿಗೆ ಗುರುತು ಹಾಕುವ ನೀಲಿ ಬಳಪ ಹಿಡಿದಳು. ಪರ್ಸ್ ಕಣ್ಣು ಮುಚ್ಚಿಕೊಂಡು ಒಂದೊಂದೇ ಹೆಸರು ಹೇಳಿದ: ರೋಸಮಂಡ್, ಟಿಲ್ಲಿ, ಕುಂಟಿ ಆಗ್ನೆಸ್… ಪ್ರತಿ ಹೆಸರಿಗೂ ಅದರ ತಾಯಿ, ತಂದೆ, ಅಜ್ಜ. ಗೆರೆಗಳು ಒಂದಕ್ಕೊಂದು ಕೂಡುತ್ತ ಮೇಲಕ್ಕೆ ಹೋದವು. ಹನ್ನೊಂದೂ ಗೆರೆಗಳು ಸುಲ್ತಾನನನ್ನು ದಾಟಿ, ಅವನ ಅಜ್ಜಿ ಮೇಬೆಲ್ ಎಂಬ ಒಂದೇ ಕುರಿಯ ಹತ್ತಿರ ಬಂದು ನಿಂತಾಗ ಅಪ್ಪ ಮಗಳು ಇಬ್ಬರೂ ಒಟ್ಟಿಗೆ “ಅರೆ!” ಅಂದರು.

“ಇವಳೇ! ಕರಿ ತಂದವಳು ಇವಳೇ, ಅಪ್ಪ!”

“ತಾಳು ತಾಳು.” ಪರ್ಸ್ ಅವಳ ಕೈಯಿಂದ ಬಳಪ ಕಿತ್ತುಕೊಂಡು ಮೂಟೆಯ ಮೇಲೆ ಬಗ್ಗಿದ. “ಮೇಬೆಲ್‌ಗೆ ಇನ್ನೊಬ್ಬ ಮಗ ಇದ್ದ. ದೊಡ್ಡ ಕೊಂಬಿನವನು. ಅವನನ್ನ ನಾನು ಮಾರಿದ್ದು…” ಅವನು ತಲೆಯೆತ್ತಿ ಗಾಡಿಯ ಕಡೆ ನೋಡಿದ. “ಗಸ್‌ಗೆ!”

ಗಸ್ ನೊಸ್ಕೆ ಗಾಡಿಯ ಬಾಗಿಲು ಹಿಡಿದು ನಿಂತಿದ್ದ. ಮುಖ ಕೆಂಪಗಾಗಿತ್ತು, ಕೆನ್ನೆಯ ಮೇಲೆ ಮರ್ಲ್‌ನ ಕಪ್ಪು ಬೆರಳಚ್ಚುಗಳು ಹಾಗೇ ಇದ್ದವು. ಆಮೇಲೆ ಬಾಗಿಲು ದಡ್ಡನೆ ಹಾಕಿ ಬೇಲಿಯವರೆಗೆ ನಡೆದು ಬಂದ.

“ಆ ಮೂಟೆನ ಸ್ವಲ್ಪ ಈ ಕಡೆ ಎಳಿ, ಮಗಳೇ,” ಅಂದ. “ನನ್ನವು ಹದಿನಾಲ್ಕು.”