ಉಣ್ಣೆ ಕಚ್ಚಿದ್ದು ಲೆಕ್ಕಕ್ಕಿಲ್ವಾ?

ನನ್ನ ತಮ್ಮನ ಮೇಲೆ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಹಸು ಸಾಕಿ ಹಾಲು ಮಾರುವವನು. ಮಗಳೆಂದರೆ ಪ್ರಾಣ. ಅವಳೂ ಅಷ್ಟೇ, ಕೊಟ್ಟಿಗೆಯಿರಲಿ, ಹುಲ್ಲಿನ ಬಯಲಿರಲಿ, ಅಪ್ಪನ ಹಿಂದೆಯೇ. ಅದಕ್ಕೇ ನಾವೆಲ್ಲ ಅವಳನ್ನು ಬಾಲಂಗೋಚಿ ಅನ್ನುವುದು.

ಬಾಲಂಗೋಚಿಗೆ ಜ್ವರ ಬಂತು. ಮಾತ್ರೆ ಕೊಟ್ಟರೆ ಇಳಿಯುವುದು, ಮತ್ತೆ ಏರುವುದು. ನಾನು ನರ್ಸ್ ಆಗಿರುವ ಆಸ್ಪತ್ರೆಗೇ ಕರೆತಂದರು.

"ಈಚೆಗೆ ಮಗೂಗೆ ಏನಾದ್ರೂ ಕಚ್ಚಿತ್ತಾ?" ಅಂತ ಡಾಕ್ಟರ್ ಕೇಳಿದರು.

"ಇಲ್ಲ ಸಾರ್, ಏನೂ ಕಚ್ಚಿಲ್ಲ," ಅಂದ ತಮ್ಮ.

ಮಾರನೆಯ ದಿನ ಮಗುವಿಗೆ ಕಣ್ಣು ಬಿಡುವುದೇ ಕಷ್ಟವಾಯಿತು. ಮೈಮೇಲೆ ಕೆಂಪು ಚುಕ್ಕೆಗಳೆದ್ದವು. ಬೆವರಿಗೆ ಅಂಟಿದ್ದ ಕೂದಲು ಬಾಚೋಣವೆಂದು ಕೂತೆ. ಕಿವಿಯ ಹಿಂದೆ ಕಪ್ಪು ಹಕ್ಕಳೆ, ಸುತ್ತ ಚರ್ಮ ಸುಟ್ಟಿತ್ತು.

"ಇದೇನೋ ಇದು?"

"ಅದಾ? ಉಣ್ಣೆ ಕಣಕ್ಕ. ಹಸು ಮೈಮೇಲಿರುತ್ತಲ್ಲ, ಅದೇ ಹುಳ. ಹೋದ ವಾರ ಅಂಟ್ಕೊಂಡಿತ್ತು. ಬೆಂಕಿಕಡ್ಡಿ ಗೀರಿ ಇಟ್ಟೆ, ಬಿದ್ದೋಯ್ತು. ಉಗುರಲ್ಲಿ ಪಟ್ ಅನ್ನಿಸ್ದೆ."

"ಮತ್ತೆ ಡಾಕ್ಟರ್ ಹತ್ರ ಏನೂ ಕಚ್ಚಿಲ್ಲ ಅಂದ್ಯಲ್ಲೋ!"

"ಉಣ್ಣೆ ಕಚ್ಚೋದೂ ಒಂದು ಕಚ್ಚೋದಾ? ಹಾವೋ ಚೇಳೋ ಆಗಿದ್ರೆ ಹೇಳ್ತಿರ್ಲಿಲ್ವಾ? ಅವ್ಳು ಅಳಲೂ ಇಲ್ಲ. ನನ್ನ ಮೈಗೆ ಎಷ್ಟು ಹತ್ತಿಲ್ಲ!"

ನನಗೆ ಮೈಯೆಲ್ಲ ಉರಿದುಹೋಯಿತು. ಅದು ವಾರ್ಡು ಅನ್ನುವುದನ್ನೂ ಮರೆತು ಕೂಗಿದೆ.

"ನಿನ್ನ ಬುದ್ಧಿ ಏನು ಹುಲ್ಲು ಮೇಯೋಕೆ ಹೋಗಿತ್ತಾ? ನೋವಾಗದ ಹಾಗೆ ಕಚ್ಚೋದೇ ಅದರ ಕಸುಬು! ರಕ್ತ ಕುಡೀತಾ ಕುಡೀತಾ ರೋಗಾನ ಒಳಗೆ ಬಿಡುತ್ತೆ. ಬೆಂಕಿ ಇಟ್ರೆ ಹೊಟ್ಟೇಲಿರೋದನ್ನೂ ಗಾಯಕ್ಕೇ ಕಕ್ಕಬಹುದು. ಉಗುರಲ್ಲಿ ಹೊಸಕಿದ್ರೆ, ಬಿರುಕು ಬಿಟ್ಟ ಬೆರಳಿಂದ ನಿನ್ನ ಮೈಗೂ ರೋಗ ಹೋದೀತು!"

"ಹಾಗಾದ್ರೆ ಹಾಗೇ ಬಿಡಬೇಕಿತ್ತಾ?"

"ಚಿಮುಟ ಇಲ್ವಾ? ಚರ್ಮಕ್ಕೆ ಒತ್ತಿ, ಉಣ್ಣೆ ತಲೆ ಹತ್ರ ಹಿಡಿದು, ತಿರುಚದೆ ನಿಧಾನಕ್ಕೆ ನೇರ ಎಳೀಬೇಕು. ಗಾಯಾನೂ ಕೈನೂ ಸೋಪಲ್ಲಿ ತೊಳೀಬೇಕು. ಆಮೇಲೆ ಜ್ವರ ಬಂದ್ರೆ ಮೊದ್ಲು ಆ ಮಾತೇ ಹೇಳ್ಬೇಕು!"

ಅವನ ಹೆಂಡತಿ ಅಳುತ್ತಾ, "ಅತ್ತಿಗೆ, ಬೈಯೋದು ಆಮೇಲೆ ಇಟ್ಕೊಳ್ಳಿ. ಮೊದ್ಲು ಡಾಕ್ಟರಿಗೆ ಹೇಳಿ," ಅಂದಳು.

ಓಡಿದೆ. ಡಾಕ್ಟರ್ ಬಂದು ಗಾಯ ನೋಡಿ ಔಷಧಿ ಬದಲಿಸಿದರು. "ಮೊದಲೇ ಹೇಳಿದ್ರೆ ಇದನ್ನ ನಿನ್ನೇನೇ ಶುರು ಮಾಡ್ತಿದ್ನಲ್ಲಪ್ಪ," ಅಂದರು. ತಮ್ಮನೋ, ಮಗಳ ಕಾಲು ಹಿಡಿದುಕೊಂಡೇ ಕೂತಿದ್ದ.

ಜ್ವರ ನಿಧಾನವಾಗಿ ಇಳಿಯಿತು. ಅವಳು ಕಣ್ಣು ಬಿಟ್ಟವಳೇ, "ಅತ್ತೆ, ಅಪ್ಪಂಗೆ ಯಾಕೆ ಅಷ್ಟೊಂದು ಬೈದೆ?" ಅಂದಳು. ನನಗೆ ಅಳು ಬಂತು, ನಗುವೂ ಬಂತು.

ಈಗ ತಮ್ಮ ಪಶುವೈದ್ಯರನ್ನು ಕೇಳಿ ಹಸುಗಳಿಗೆ ಉಣ್ಣೆಯ ಔಷಧಿ ಹಾಕಿಸುತ್ತಾನೆ. ಕೊಟ್ಟಿಗೆಯ ಸುತ್ತ ಹುಲ್ಲು ಬೆಳೆಯಲು ಬಿಡುವುದಿಲ್ಲ. ಬಯಲಿಗೆ ಹೋಗುವಾಗ ತುಂಬುತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಬಂದ ಕೂಡಲೇ ಸ್ನಾನ, ಬಟ್ಟೆ ಬಿಸಿನೀರಿಗೆ. ಮಗಳ ಕೂದಲು, ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಮಂಡಿಯ ಹಿಂದೆ ಎಲ್ಲ ನೋಡಿದ ಮೇಲೆಯೇ ತಟ್ಟೆ ಮುಂದೆ ಕೂರಿಸುವುದು. ಬುದ್ಧಿ ಬಂತು, ಸರಿ. ಆದರೆ ಕೂಸು ಸಾವಿನ ಬಾಗಿಲು ತಟ್ಟಿ ಬಂದ ಮೇಲೆ ಬಂತಲ್ಲ! ಅದಕ್ಕೇ ನನ್ನ ಸಿಟ್ಟು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮೇಲೂ ನಾನು ಹೀಗೆ ಕೂಗಾಡುವಂತೆ ಮಾಡಬೇಡಿ. ಹುಲ್ಲು, ಪೊದೆ, ಕೊಟ್ಟಿಗೆಯಿಂದ ಮನೆಗೆ ಬಂದವರ ಮೈಯನ್ನು ಇವತ್ತೇ ನೋಡಿ. ನಾಳೆ ಜ್ವರ ಬಂದು, ಡಾಕ್ಟರ್ "ಏನಾದ್ರೂ ಕಚ್ಚಿತ್ತಾ?" ಅಂತ ಕೇಳಿದರೆ, ಬಾಯಿಬಿಟ್ಟು ಹೇಳಿ: "ಹೌದು, ಉಣ್ಣೆ ಕಚ್ಚಿತ್ತು."