ಯಂತ್ರದ ಕೆಳಗಿನ ಅಹವಾಲು ಪೆಟ್ಟಿಗೆ

ನಾನು ಒಂದು ಅಹವಾಲು ಪೆಟ್ಟಿಗೆ. ದಪ್ಪ ತಗಡಿನ ಮೈ, ಕೆಂಪು ಬಣ್ಣ, ದೊಡ್ಡವರ ಸೊಂಟದಷ್ಟು ಎತ್ತರ, ನೆತ್ತಿಯ ಹತ್ತಿರ ಉದ್ದನೆಯ ಒಂದು ಬಾಯಿ. ಗದಗಕ್ಕೂ ಕೊಪ್ಪಳಕ್ಕೂ ನಡುವೆ ಇರುವ ಒಂದು ಊರಿನ ಪುರಸಭೆಗಾಗಿ ಸಂತೆಪೇಟೆಯ ಹಿಂದಿನ ವೆಲ್ಡಿಂಗ್ ಅಂಗಡಿಯಲ್ಲಿ ನನ್ನನ್ನು ಮಾಡಿದರು. ಅದೇ ತಗಡಿನಲ್ಲಿ ಉಳಿದದ್ದರಿಂದ ಒಂದು ಟ್ರಂಕು ಹುಟ್ಟಿತು. ಅದು ಮದುವೆ ಮನೆಗೆ ಹೋಯಿತು, ನನಗೆ ಸರ್ಕಾರಿ ನೌಕರಿ ಸಿಕ್ಕಿತು. ಆಗ ನನಗೆ ಬಂದ ಜಂಬ ಅಷ್ಟಿಷ್ಟಲ್ಲ.

ಪುರಸಭೆಯ ಜಗುಲಿಯಲ್ಲಿ ನನ್ನನ್ನು ನಿಲ್ಲಿಸಿದ ದಿನ ಹಾರ ಹಾಕಿದರು, ಕಾಯಿ ಒಡೆದರು, ಫೋಟೊ ತೆಗೆದರು. ಮರುದಿನದಿಂದ ನನ್ನ ಬಾಯಿಗೆ ಬಿದ್ದದ್ದು ಬಸ್ ಟಿಕೆಟು, ಶೇಂಗಾ ಸಿಪ್ಪೆ, ಅರ್ಧ ಸೇದಿದ ಬೀಡಿ. ನಿಜವಾದ ಅಹವಾಲುಗಳೂ ಬೀಳುತ್ತಿದ್ದವು, ಸುಳ್ಳು ಹೇಳಬಾರದು. ಅವನ್ನು ನೀರಿನ ವಿಭಾಗದವರು ಓದಿ ಚರಂಡಿ ವಿಭಾಗಕ್ಕೆ ಕಳಿಸುತ್ತಿದ್ದರು. ಚರಂಡಿಯವರು ಆರೋಗ್ಯದವರಿಗೆ ದಾಟಿಸುತ್ತಿದ್ದರು. ಆರೋಗ್ಯದವರು ಮತ್ತೆ ನೀರಿನವರಿಗೆ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಮೂರೂ ಕೋಣೆಗಳ ಬಾಗಿಲು ನಾನಿದ್ದ ಜಗುಲಿಗೇ ತೆರೆಯುತ್ತಿದ್ದವು. ಅವರು ಚಹಾ ಒಟ್ಟಿಗೆ ಕುಡಿಯುತ್ತಿದ್ದರು, ಕೆಲಸ ಮಾತ್ರ ಒಟ್ಟಿಗೆ ಮಾಡುತ್ತಿರಲಿಲ್ಲ.

ಆ ಜಗುಲಿಯಲ್ಲಿ ನನಗಿದ್ದ ಒಬ್ಬಳೇ ಗೆಳತಿ ಬಳೆಗಾರ ಓಣಿಯ ಫಕೀರವ್ವ. ಶುಕ್ರವಾರ ಸಂತೆಗೆ ಬಂದವಳು ಬಿಸಿಲು ಏರಿದಾಗ ಬಳೆಯ ಮಲಾರವನ್ನು ನನ್ನ ತಲೆಯ ಮೇಲೆ ಇಳಿಸಿ, ನನಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಊರಿನ ಬಸುರಿಯರಿಗೆಲ್ಲ ಕುಬಸದ, ಅಂದರೆ ಸೀಮಂತದ ದಿನ ಹಸಿರು ಬಳೆ ತೊಡಿಸುವವಳು ಅವಳೇ. ಗಂಡ ಇಲ್ಲ, ಒಬ್ಬಳೇ ಮಗಳು, ಹೆಸರು ಗಿರಿಜಾ. ಅವಳಿಗೆ ಗಂಡು ಗೊತ್ತಾದ ಸುದ್ದಿ, ಮದುವೆಯ ಸುದ್ದಿ, ಈಗ ಚೊಚ್ಚಲ ಬಸುರಿ ಎಂಬ ಸುದ್ದಿ, ಎಲ್ಲವನ್ನೂ ನಾನು ಆಕೆಯ ಬಾಯಿಂದಲೇ ಕೇಳಿದ್ದೇನೆ. ಪಕ್ಕದಲ್ಲಿ ಕೂತ ಹೆಂಗಸರಿಗೆ ಹೇಳುತ್ತಿದ್ದಳು ನಿಜ, ಆದರೆ ಬೆನ್ನು ಒರಗಿಸುತ್ತಿದ್ದದ್ದು ನನಗೆ.

ನನ್ನ ಬಣ್ಣ ಹಾರಿ, ಕೀಲು ಸಡಿಲಾಗಿ, ಒಳಗೆ ಕಣಜದ ಹುಳು ಗೂಡು ಕಟ್ಟಿದ ಮೇಲೆ ಎಐ ಯಂತ್ರ ಬಂತು. ಮುಖ್ಯಾಧಿಕಾರಿ ಹಂಪಣ್ಣವರ ಸಾಹೇಬರು ಅದಕ್ಕಾಗಿ ಬಹಳ ಓಡಾಡಿದ್ದರು. ಅದನ್ನು ತಯಾರಿಸಿದವರು ಹುಬ್ಬಳ್ಳಿಯ ಒಂದು ಕಾಲೇಜಿನ ನಾಜನೀನ್ ಮೇಡಂ ಮತ್ತು ಅವರ ವಿದ್ಯಾರ್ಥಿಗಳು. ಅದು ಕನ್ನಡ ಮಾತಾಡುತ್ತಿತ್ತು, ಕೇಳಿದ್ದನ್ನು ಅರ್ಥ ಮಾಡಿಕೊಳ್ಳುತ್ತಿತ್ತು, ಯಾವ ದೂರು ಯಾರಿಗೆ ಹೋಗಬೇಕೆಂದು ತಾನೇ ಹೇಳುತ್ತಿತ್ತು. ಓದು ಬರಹ ಬಾರದವರೂ ಅದರ ಮುಂದೆ ನಿಂತು ಮಾತಾಡಬಹುದಿತ್ತು, ಮನೆಯಿಂದ ಫೋನೂ ಮಾಡಬಹುದಿತ್ತು. ಆದರೆ ಅದನ್ನು ಇಡುವುದಕ್ಕೆ ಮೇಜು ಮಂಜೂರಾಗಿರಲಿಲ್ಲ. ಜವಾನ ಅತ್ತಿತ್ತ ನೋಡಿ ಅದನ್ನು ತಂದು ನನ್ನ ತಲೆಯ ಮೇಲೆ ಕೂರಿಸಿಬಿಟ್ಟ.

ನನಗೆ ಹೊಟ್ಟೆ ಉರಿಯಿತು. ನನ್ನ ಕೆಲಸ ಕಸಿದುಕೊಂಡವಳನ್ನು ನಾನೇ ಹೊರಬೇಕಲ್ಲ! ಅವಳು ಎಂದೆನಲ್ಲ, ಯಂತ್ರದ ದನಿ ಹೆಣ್ಣಿನದು. ಎಷ್ಟು ನಯ, ಎಷ್ಟು ವಿನಯ. ಮುಖ್ಯಾಧಿಕಾರಿಗಳೇ ಹಾಗೆ ಇರಲೆಂದು ಬಯಸಿದ್ದರು. ಕಚೇರಿಗೆ ಬಂದವರನ್ನು ಇಲ್ಲಿ ಯಾರೂ ನೆಟ್ಟಗೆ ಮಾತಾಡಿಸುವುದಿಲ್ಲ, ಯಂತ್ರವಾದರೂ ಮಾತಾಡಿಸಲಿ ಎಂದಿದ್ದರು. ಹಾಗಾಗಿ ಯಾರೇ ಬರಲಿ, ಅದು ಮೊದಲು ನಮಸ್ಕಾರ ಹೇಳಿ, ಹೇಗಿದ್ದೀರಿ, ಪುರಸಭೆಯ ಸೇವೆ ಹೇಗಿದೆ ಎಂದು ಕೇಳುತ್ತಿತ್ತು.

ಬೀದಿದೀಪ ಹತ್ತುತ್ತಿಲ್ಲ, ನಾಯಿ ಸತ್ತು ಬಿದ್ದಿದೆ ಎಂದು ನುಗ್ಗಿ ಹೇಳುವ ಪೇಟೆಯ ಜನರ ಕೆಲಸಗಳು ಬೇಗ ಬೇಗ ಆಗತೊಡಗಿದವು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಗೋಡೆಯ ಪರದೆಯ ಮೇಲೆ ಊರಿನ ನಕ್ಷೆ ಮೂಡುತ್ತಿತ್ತು. ದೂರು ಹೆಚ್ಚಿದ್ದ ಕಡೆ ಕೆಂಪು, ಜನ ತೃಪ್ತರಾಗಿದ್ದ ಕಡೆ ಹಸಿರು. ಎಲ್ಲಕ್ಕಿಂತ ಹಸಿರಾಗಿದ್ದದ್ದು ಬಳೆಗಾರ ಓಣಿ. ಅಲ್ಲಿಂದ ಬೇಕಾದಷ್ಟು ಕರೆ ಬರುತ್ತಿದ್ದವು, ಎಲ್ಲರೂ ಸೇವೆ ಚೆನ್ನಾಗಿದೆ ಎನ್ನುತ್ತಿದ್ದರು. ಬಂದ ಅತಿಥಿಗಳಿಗೆ ಹಂಪಣ್ಣವರ ಸಾಹೇಬರು ಆ ಓಣಿಯನ್ನೇ ಬೆರಳಿಟ್ಟು ತೋರಿಸುತ್ತಿದ್ದರು.

ಆದರೆ ಜಗುಲಿಯ ಮಾತು ಬೇರೆಯೇ ಇತ್ತು. ಓಣಿಯ ನಲ್ಲಿಯಲ್ಲಿ ನೀರು ನಾತ ಹೊಡೆಯುತ್ತಿತ್ತು. ಮಕ್ಕಳಿಗೆ ವಾಂತಿ ಭೇದಿ ಶುರುವಾಗಿ, ಆಮೇಲೆ ದೊಡ್ಡವರಿಗೂ ಕಾಮಾಲೆ ಬಂತು. ಆಶಾ ಕಾರ್ಯಕರ್ತೆ ಶೋಭಕ್ಕ ಮನೆಮನೆಗೆ ಹೋಗಿ ಬಂದು ಆರೋಗ್ಯ ಕೇಂದ್ರಕ್ಕೆ ವರದಿ ಕೊಡುತ್ತಿದ್ದಳು. ಬಸುರಿಯರಿಗೆ ಈ ಕಾಮಾಲೆ ಬಂದರೆ ಜೀವಕ್ಕೇ ಕುತ್ತು ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಗಿರಿಜಾ ಹೆರಿಗೆಗೆಂದು ತವರಿಗೆ ಬಂದು ಆಗಲೇ ದಿನಗಳಾಗಿದ್ದವು. ಫಕೀರವ್ವ ಬಸ್‌ಸ್ಟ್ಯಾಂಡಿನ ಬೋರ್‌ವೆಲ್ಲಿನಿಂದ ನೀರು ಹೊತ್ತು ತಂದು, ಕಾಯಿಸಿ, ಮಗಳಿಗಷ್ಟೇ ಎತ್ತಿಡುತ್ತಿದ್ದಳು. ಆಕೆಯ ಬೆನ್ನು ಈಗ ನನಗೆ ತಾಗಿದರೆ ಬೆವರಿನಿಂದ ಒದ್ದೆಯಾಗಿರುತ್ತಿತ್ತು.

ಒಂದು ಶುಕ್ರವಾರ ಆಕೆ ಬಂದು ಮಲಾರವನ್ನು ನೆಲಕ್ಕಿಳಿಸಿದಳು. ನನ್ನ ತಲೆಯ ಮೇಲೆ ಜಾಗವಿರಲಿಲ್ಲವಲ್ಲ. ಸೆರಗು ಸರಿಮಾಡಿಕೊಂಡು ಯಂತ್ರದ ಮುಂದೆ ನಿಂತಳು. ಹೇಗಿದ್ದೀರಿ ಎಂದು ಅದು ಕೇಳಿತು. ಆರಾಮ ಅದೀವ್ರಿ, ನಿಮ್ಮ ದಯಾದಿಂದ ಎಲ್ಲಾ ಛಲೋ ಐತ್ರಿ ಎಂದಳು ಫಕೀರವ್ವ. ಆಮೇಲೆ ಉಸಿರು ಎಳೆದುಕೊಂಡಳು. ಅಷ್ಟರೊಳಗೆ ಯಂತ್ರ, ಧನ್ಯವಾದಗಳು, ನಿಮ್ಮ ತೃಪ್ತಿ ನಮ್ಮ ಹೆಮ್ಮೆ ಎಂದು ಹೇಳಿ ಮಾತು ಮುಗಿಸಿಬಿಟ್ಟಿತು. ಆಕೆ ನನಗೆ ಒರಗಿ ಕುಳಿತಳು.

ಯಂತ್ರದ ಆರೋಗ್ಯ ನೋಡಲು ಬಂದಿದ್ದ ನಾಜನೀನ್ ಮೇಡಂ ಚಹಾ ಲೋಟ ಹಿಡಿದು ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ಹುಬ್ಬಳ್ಳಿಯ ಹುಡುಗಿ, ಸುಮ್ಮನೆ ಕೂರಲು ಬಾರದು. ಆರಾಮ ಅದೀರೇನವ್ವಾ ಎಂದು ಮಾತಾಡಿಸಿದರು. ಆರಾಮ್ರಿ ಎಂದಳು ಫಕೀರವ್ವ. ಮೇಡಂ ಚಹಾ ಗುಟುಕರಿಸಿ, "ಮತ್ತ?" ಎಂದು ಸುಮ್ಮನಾದರು.

ಆ ಸುಮ್ಮನಾದದ್ದಕ್ಕೆ ಫಕೀರವ್ವನ ಕಣ್ಣು ತುಂಬಿ ಬಂತು.

"ಮತ್ತೇನ್ ಹೇಳ್ಲಿ ತಂಗಿ, ನಾಳೆ ಮಗಳ್ನ ಗಂಡನ ಮನಿಗೆ ತಿರುಗಿ ಕಳಸಾಕ ಹೊಂಟೀನಿ. ಚೊಚ್ಚಲ ಹೆರಿಗಿಗೆ ತವರಿಗೆ ಬಂದಾಕಿ. ತವರಮನ್ಯಾಗ ಕುಡ್ಯಾಕ ನೀರ ಇಲ್ಲಂತ ಬೀಗರ ಮುಂದ ಹೆಂಗ ಹೇಳ್ಲಿ?"

ಆಮೇಲೆ ನಾತದ ನೀರು, ಕಾಮಾಲೆ, ಡಾಕ್ಟರು ಹೇಳಿದ ಮಾತು ಎಲ್ಲವೂ ಹೊರಬಂದವು. ಮೇಡಂ ಲೋಟ ಕೆಳಗಿಟ್ಟರು. ಈಗ ತಾನೇ ಯಂತ್ರಕ್ಕೆ ಎಲ್ಲಾ ಛಲೋ ಐತಿ ಅಂದ್ರಲ್ಲ ಎಂದು ಕೇಳಿದರು. ಫಕೀರವ್ವನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಹೆಂಗಿದ್ದೀರಿ ಅಂತ ಮರ್ಯಾದಿಲೆ ಕೇಳಿದವರಿಗೆ ಮೊದಲಽ ರಗಳಿ ಹೇಳಾಕ ಬರತೈತೇನ್?" ಎಂದಳು.

ಮೇಡಂ ಎದ್ದು ಹೋಗಿ ಓಣಿಯ ಕರೆಗಳನ್ನೆಲ್ಲ ಮತ್ತೆ ಕೇಳಿಸಿದರು. ಹಂಪಣ್ಣವರ ಸಾಹೇಬರು ಹೊರಬಂದು ನಿಂತು ಕೇಳಿದರು. ಒಬ್ಬರಾದ ಮೇಲೆ ಒಬ್ಬರು, ಗಂಡಸರು, ಹೆಂಗಸರು, ಆರಾಮ ಅದೀವಿ ಎನ್ನುತ್ತಿದ್ದರು, ಛಲೋ ಐತಿ ಎನ್ನುತ್ತಿದ್ದರು, ಆಮೇಲೆ ಏನೋ ಹೇಳಲು ಉಸಿರು ಎಳೆದುಕೊಳ್ಳುತ್ತಿದ್ದರು. ಅಲ್ಲಿಗೇ ಯಂತ್ರ ಧನ್ಯವಾದ ಹೇಳಿ ಫೋನು ಇಟ್ಟಿತ್ತು. ತಮ್ಮ ಕಡೆಯ ಜನ ಹೇಗೆ ಮಾತಾಡುತ್ತಾರೆಂಬುದು ತಮಗೇ ಮರೆತುಹೋಯಿತಲ್ಲ ಎಂದರು ಮೇಡಂ. ಹಂಪಣ್ಣವರ ಸಾಹೇಬರ ಮುಖ ಸಣ್ಣದಾಯಿತು. ಆ ನಕ್ಷೆಯನ್ನು ಅವರು ಎಷ್ಟು ಜನಕ್ಕೆ ತೋರಿಸಿದ್ದರೋ. ನನಗೆ ಒಳಗೊಳಗೇ ಖುಷಿಯಾಗಬೇಕಿತ್ತು, ಆಗಲಿಲ್ಲ. ನನ್ನ ಬೆನ್ನಿಗೆ ಫಕೀರವ್ವ ಇನ್ನೂ ಒರಗಿದ್ದಳು.

ಸಾಹೇಬರು ಆಕೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಮುಖ್ಯಾಧಿಕಾರಿಯೊಬ್ಬರು ಆ ಜಗುಲಿಯಲ್ಲಿ ಹಾಗೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಮಗಳ್ನ ಕಳಸಬ್ಯಾಡವಾ. ಇವತ್ತ ಸಂಜೀಗೆ ಓಣಿಗೆ ಟ್ಯಾಂಕರ್ ಬರತೈತಿ. ನಲ್ಲಿ ನೀರಿಂದು ನಂಗ ಬಿಡ್ರಿ" ಎಂದರು.

ಫಕೀರವ್ವ ಟ್ಯಾಂಕರ್ ಬಂದರೆ ನೋಡೋಣ ಎಂದು ಹೇಳಿ ಎದ್ದು ಹೋದಳು.

ಟ್ಯಾಂಕರ್ ಬಂತು. ಗಿರಿಜಾ ಉಳಿದಳು, ಆದರೆ ಅವಳ ಬ್ಯಾಗು ತುಂಬಿದಂತೆಯೇ ಬಾಗಿಲ ಬಳಿ ಇದೆ ಎಂದು ಶೋಭಕ್ಕ ಬಂದು ಹೇಳಿದಳು. ಮೇಡಂ ಹುಬ್ಬಳ್ಳಿಗೆ ಹೋಗಲಿಲ್ಲ. ಜಗುಲಿಯಲ್ಲೇ ಕೂತು ಯಂತ್ರಕ್ಕೆ ಪಾಠ ಹೇಳಿದರು. ಮತ್ತೇನಾದರೂ ಸಮಸ್ಯೆ ಇದೆಯೇ ಎಂದು ಕೇಳುವಂತೆ ಮೊದಲು ಕಲಿಸಿದರು. ಅದಕ್ಕೆ ಜನ ಏನಿಲ್ರಿ ಎಂದು ಸಂಕೋಚದಿಂದ ಫೋನು ಇಟ್ಟುಬಿಟ್ಟರು. ಕೊನೆಗೆ ಬರೀ "ಮತ್ತ?" ಎಂದು ಕೇಳಿ ಬಾಯಿ ಮುಚ್ಚಿಕೊಂಡಿರುವಂತೆ ಕಲಿಸಿದರು. ಮಾತು ಕಲಿಸುವುದಕ್ಕಿಂತ ಸುಮ್ಮನಿರುವುದನ್ನು ಕಲಿಸಲು ಅವರು ಹೆಚ್ಚು ಬೆವರಿದರೆಂದು ನನಗೆ ಅನ್ನಿಸುತ್ತದೆ. ಯಂತ್ರ ತಾನೇ ಓಣಿಯ ಮನೆಗಳಿಗೆಲ್ಲ ಕರೆ ಮಾಡಿತು. ಕರೆ ಹೋದ ದಿನವೇ ಸಂಜೆಯೊಳಗೆ ಹಸಿರು ಓಣಿ ಕೆಂಡದಂತೆ ಕೆಂಪಾಯಿತು.

ಮರುದಿನ ಸಾಹೇಬರು ನೀರಿನ ಎಂಜಿನಿಯರ್, ಚರಂಡಿಯ ಮೇಸ್ತ್ರಿ, ಆರೋಗ್ಯ ಕೇಂದ್ರದ ಡಾಕ್ಟರು, ಶೋಭಕ್ಕ ಎಲ್ಲರನ್ನೂ ಯಂತ್ರದ ಸುತ್ತ, ಅಂದರೆ ನನ್ನ ಸುತ್ತ, ಕುರ್ಚಿ ಹಾಕಿ ಕೂರಿಸಿದರು. ನಮ್ಮ ಪೈಪು ಚೆನ್ನಾಗಿದೆ ಎಂದರು ನೀರಿನವರು. ಚರಂಡಿಯೂ ಚೆನ್ನಾಗಿದೆ ಎಂದ ಮೇಸ್ತ್ರಿ. ಇಬ್ಬರೂ ಚೆನ್ನಾಗಿದ್ದರೆ ಕಾಮಾಲೆ ಆಕಾಶದಿಂದ ಬಂತೇ ಎಂದು ಡಾಕ್ಟರು ಕೇಳಿದರು. ಅವರವರ ಬಳಿ ಇದ್ದದ್ದನ್ನೆಲ್ಲ ಯಂತ್ರಕ್ಕೆ ಕೊಡಿ ಎಂದರು ಸಾಹೇಬರು. ನೀರಿನ ಪೈಪು ಹೋದ ದಾರಿ, ಚರಂಡಿಯ ದಾರಿ, ರೋಗಿಗಳಿದ್ದ ಮನೆಗಳು, ಯಾವ ಮನೆಯಲ್ಲಿ ನೀರು ಬಿಟ್ಟ ಕೂಡಲೇ ನಾತ ಬರುತ್ತದೆಂದು ಜನ ಹೇಳಿದ ಮಾತು, ಇವೆಲ್ಲ ಮೊದಲ ಬಾರಿಗೆ ಒಂದೇ ಕಡೆ ಸೇರಿದವು. ಯಂತ್ರ ಅವನ್ನು ಒಂದರ ಮೇಲೊಂದು ಇಟ್ಟು, ಓಣಿಯ ಬಾಯಲ್ಲಿದ್ದ ಸಣ್ಣ ಸೇತುವೆಯ ಕೆಳಗೆ ಗುರುತು ಹಾಕಿತು. ಮೂವರಲ್ಲಿ ಒಬ್ಬರಿಗೂ ಹೊಳೆಯದ ಜಾಗ ಅದು, ಯಾಕೆಂದರೆ ಮೂವರೂ ತಮ್ಮ ತಮ್ಮದನ್ನೇ ನೋಡುತ್ತಿದ್ದರು.

ಅಗೆಯುವಾಗ ನೀರಿನವರೂ ಚರಂಡಿಯವರೂ ಒಂದೇ ಗುಂಡಿಗೆ ಇಳಿದರಂತೆ. ಚರಂಡಿಯ ಕೆಳಗೆ ಹಾದುಹೋಗಿದ್ದ ನೀರಿನ ಪೈಪು ಒಡೆದಿತ್ತು. ನಲ್ಲಿಗೆ ನೀರು ಬಿಡುವುದು ನಿಂತಾಗಲೆಲ್ಲ ಮೇಲಿನ ಹೊಲಸು ಒಳಗೆ ಇಳಿಯುತ್ತಿತ್ತು. ಪೈಪು ಬದಲಾಯಿಸಿ, ತೊಳೆದು, ನೀರಿನ ಪರೀಕ್ಷೆ ಎರಡು ಸಲ ಮಾಡಿಸಿದ ಮೇಲೆಯೇ ಸಾಹೇಬರು ಟ್ಯಾಂಕರ್ ನಿಲ್ಲಿಸಿದರು. ಆಗ ಫಕೀರವ್ವ ಮಗಳ ಬ್ಯಾಗು ಬಿಚ್ಚಿ ಸೀರೆಗಳನ್ನು ಹೊರಗೆ ತೆಗೆದಿಟ್ಟಳೆಂದು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ನನ್ನ ಮೇಲೆ ಕೂತ ಯಂತ್ರದ ಭಾರವೂ ಆ ದಿನ ಹಗುರಾಗಿತ್ತು. ಗಿರಿಜಾಳಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದರು.

ಇಷ್ಟಾದ ಮೇಲೆ ಯಂತ್ರಕ್ಕೆ ಒಳ್ಳೆಯ ಮೇಜು ಮಂಜೂರಾಯಿತು. ನನ್ನನ್ನು ಹಿಂಬದಿಯ ಹಳೆ ಸಾಮಾನಿನ ಜೊತೆ ಹರಾಜಿಗೆ ಇಟ್ಟರು. ತುಕ್ಕು ಹಿಡಿದ ಕುರ್ಚಿ, ಮುರಿದ ಕೈಗಾಡಿಗಳ ನಡುವೆ ಮಳೆ ಬಿಸಿಲು ಎಲ್ಲವನ್ನೂ ಕಂಡೆ. ಗುಜರಿಯವನ ಕೈಗೆ ಬೀಳುವುದು ಖಚಿತ ಎಂದುಕೊಂಡಿರುವಾಗ ಶೋಭಕ್ಕ ಬಂದು, ಔಷಧಿ ಇಡಲು ಪೆಟ್ಟಿಗೆ ಬೇಕಿತ್ತು, ಇದನ್ನು ಕೊಡಿ ಎಂದು ಸಾಹೇಬರನ್ನು ಕೇಳಿ ನನ್ನನ್ನು ಕೈಗಾಡಿಯ ಮೇಲೆ ಹೇರಿಸಿಕೊಂಡು ಹೊರಟಳು.

ಈಗ ನಾನು ಬಳೆಗಾರ ಓಣಿಯಲ್ಲಿ, ಫಕೀರವ್ವನ ಮನೆಯ ಕಟ್ಟೆಯ ಮೇಲೆ ಇದ್ದೇನೆ. ನನ್ನ ಹೊಟ್ಟೆಯಲ್ಲಿ ಓಆರ್‌ಎಸ್ ಪುಡಿ, ನೀರಿಗೆ ಹಾಕುವ ಕ್ಲೋರಿನ್ ಬಾಟಲಿ ಇವೆ. ಬೇಕಾದವರು ಬಂದು ತೆಗೆದುಕೊಂಡು ಹೋಗುತ್ತಾರೆ. ಇಷ್ಟು ವರ್ಷ ಜನ ನನ್ನೊಳಗೆ ಹಾಕುತ್ತಿದ್ದರು, ಯಾರೂ ಏನನ್ನೂ ಪಡೆದು ಹೋದದ್ದಿಲ್ಲ. ಮುಪ್ಪಿನಲ್ಲಿ ಈ ಕೆಲಸ ನನಗೆ ಹಿಡಿಸಿದೆ. ಯಂತ್ರದ ಮೇಲಿನ ನನ್ನ ಸಿಟ್ಟೂ ಇಳಿದಿದೆ. ಚಿಕ್ಕವಳು, ಕಲಿಯುತ್ತಿದ್ದಾಳೆ, ಕಲಿಸುವವರೂ ಒಟ್ಟಿಗೆ ಕೂತಿದ್ದಾರೆ ಎಂದು ಸಮಾಧಾನ ಪಟ್ಟುಕೊಂಡಿದ್ದೇನೆ.

ಓಣಿಗೆ ಪ್ರತಿ ವಾರ ಯಂತ್ರದ ಕರೆ ಬರುತ್ತದೆ. ಇವತ್ತೂ ಬಂತು. ಫಕೀರವ್ವ ಮುಂಜಾನೆಯ ಬಿಸಿಲಿನಲ್ಲಿ ಕಾಲು ಚಾಚಿ ಕೂತು, ಮೊಮ್ಮಗಳನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಎರೆಯುತ್ತಿದ್ದಳು. ಫೋನನ್ನು ನನ್ನ ತಲೆಯ ಮೇಲೆ ಇಟ್ಟು ಜೋರು ದನಿಗೆ ಹಾಕಿದಳು. ಆರಾಮವೇ ಎಂದು ಅದು ಕೇಳಿತು. ಆರಾಮ ಎಂದಳು. "ಮತ್ತ?" ಎಂದು ಕೇಳಿ ಯಂತ್ರ ಸುಮ್ಮನಾಯಿತು. ಕಾಯುತ್ತಲೇ ಇತ್ತು. ನಲ್ಲಿಯ ನೀರು ತಂಬಿಗೆಯಿಂದ ಕೂಸಿನ ಬೆನ್ನ ಮೇಲೆ ಹರಿದು ಇಳಿಯಿತು.

"ಮತ್ತೇನಿಲ್ಲ, ಇಡವಾ" ಎಂದಳು ಫಕೀರವ್ವ. "ಕೂಸಿಗೆ ಎರಿಯಾಕತ್ತೀನಿ."