ಮಾಷ್ಟ್ರ ಕಾಲಿಗೆ ಕಟ್ಟಿದ ಪಟ್ಟಿ

ಬೋವಿಕಾನದಲ್ಲಿ ರಿಕ್ಷಾ ಓಡಿಸುತ್ತಿದ್ದ ಯೋಗೀಶನ ಎಡಗಾಲು ಆನೆಕಾಲು ರೋಗದಿಂದ ಬಾತು ವರ್ಷಗಳೇ ಆಗಿದ್ದವು. 2012ರ ಮಳೆಗಾಲ ಕಳೆದ ಮೇಲೆ ಕಾಸರಗೋಡಿನ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಶುರುವಾಯಿತು. ಕಾಲು ತೊಳೆದು, ಬೆರಳ ಸಂದಿ ಒರೆಸಿ, ಚರ್ಮವನ್ನು ಹಗುರಾಗಿ ಮೇಲಕ್ಕೆ ನೀವಿ, ಪಾದದಿಂದ ಮೊಣಕಾಲಿನವರೆಗೆ ಪಟ್ಟಿ ಸುತ್ತುವುದನ್ನು ಅವನ ಹೆಂಡತಿ ಪಂಕಜಾಕ್ಷಿ ಬೇಗ ಕಲಿತಳು. ನಾಚಿಕೆಯಿಂದ ಯಾರಿಗೂ ತೋರಿಸದ ಕಾಲನ್ನು ಅವಳು ಮಡಿಲಲ್ಲಿಟ್ಟುಕೊಂಡು ನೀವುವಾಗ ಯೋಗೀಶನಿಗೆ ಮದುವೆಯಾದ ಹೊಸತರ ದಿನಗಳು ನೆನಪಾಗುತ್ತಿದ್ದವು.

ಅವರ ಮನೆಯ ದಾರಿಯಲ್ಲೇ ಇದ್ದ ಈಶ್ವರಪ್ರಸಾದ ಮಾಷ್ಟ್ರಿಗೂ ಅದೇ ರೋಗ. ಹೆಂಡತಿ ತೀರಿಹೋಗಿ ಒಬ್ಬರೇ ಇದ್ದರು. ಅವರಿಗೂ ಪಟ್ಟಿ ಕಟ್ಟಿಕೊಡಬಹುದೇ ಎಂದು ಡಾಕ್ಟರು ಪಂಕಜಾಕ್ಷಿಯನ್ನು ಕೇಳಿದಾಗ ಮೊದಲು ಒಪ್ಪಿ ತಲೆಯಾಡಿಸಿದವನು ಯೋಗೀಶನೇ.

ಆಮೇಲೆ ಸಂಕಟ ಶುರುವಾಯಿತು. ಬೆಳಿಗ್ಗೆ ಅವಳು ಮಾಷ್ಟ್ರ ಮನೆಗೆ ಹೋದರೆ ರಿಕ್ಷಾ ಸ್ಟ್ಯಾಂಡಿನಲ್ಲಿ ಅವನಿಗೆ ಮನಸ್ಸು ನಿಲ್ಲುತ್ತಿರಲಿಲ್ಲ. ಅವೇ ಬೆರಳುಗಳು ಬೇರೊಬ್ಬನ ಕಾಲ ಮೇಲೆ ಹರಿದಾಡುವುದು ಕಣ್ಣಿಗೆ ಕಟ್ಟುತ್ತಿತ್ತು. ಸಾಲದ್ದಕ್ಕೆ ಮಾಷ್ಟ್ರ ಕಾಲಿನ ಬಾವು ಅವನದಕ್ಕಿಂತ ಬೇಗ ಇಳಿಯಿತು.

"ಅವರಿಗೆ ಜಾಸ್ತಿ ಹೊತ್ತು ನೀವ್ತಿಯಾ?" ಎಂದು ಕೇಳಿಯೇಬಿಟ್ಟ.

"ಎಂತ ಮಾತು ಇದು? ಅವರು ಕಾಲು ಎತ್ತರಕ್ಕೆ ಇಟ್ಟು ಕೂತ್ಕೊಳ್ತಾರೆ. ನೀವು ದಿನ ಇಡೀ ರಿಕ್ಷಾದಲ್ಲಿ ಕಾಲು ಇಳಿಬಿಟ್ಟು ಕೂತ್ರೆ ನಾನೆಂತ ಮಾಡುದು?"

ಮರುದಿನ ಅವಳು ಹೊರಟಾಗ, "ನನ್ನದು ನಾನೇ ಕಟ್ಟಿಕೊಳ್ತೇನೆ," ಎಂದ. ಬೆರಳ ಸಂದಿ ತೊಳೆಯುವ ತಾಳ್ಮೆ ಅವನಿಗಿರಲಿಲ್ಲ. ಬೇಗ ಇಳಿಯಲಿ ಎಂದು ಮೊಣಕಾಲಿನ ಕೆಳಗೆ ಜಗ್ಗಿ ಬಿಗಿದ. ಹೀಗೆಯೇ ಒಂದು ವಾರ ಹಟ ಹಿಡಿದ. ಕೊನೆಗೊಂದು ಸಂಜೆ ನಡುಕ ಬಂದು ಜ್ವರವೇರಿತು. ಪಂಕಜಾಕ್ಷಿ ಪಟ್ಟಿ ಬಿಚ್ಚಿದಾಗ ಕಾಲು ಕೆಂಪಗೆ ಕೆಂಡದಂತೆ ಸುಡುತ್ತಿತ್ತು.

"ಬೆರಳ ಸಂದಿ ಒಡೆದು ನಂಜು ಒಳಗೆ ಹೋಗಿದೆ," ಎಂದರು ಡಾಕ್ಟರು. "ಚರ್ಮಕ್ಕೆ ಉರಿಯೂತ ಬಂದಾಗ ರಕ್ತ ಅಲ್ಲಿಗೇ ನುಗ್ತದೆ, ರಕ್ತನಾಳದಿಂದ ನೀರು ಒಸರ್ತದೆ. ಆ ನೀರನ್ನು ವಾಪಸ್ ಒಯ್ಯುವುದು ದುಗ್ಧನಾಳಗಳು. ನಿಮಗೆ ಅವೇ ಕೆಟ್ಟಿವೆ. ಮೇಲೆ ಬಿಗಿದರೆ ಇದ್ದ ದಾರಿಯೂ ಬಂದ್. ಕೆಂಪು ಇಳಿಯುವವರೆಗೆ ಪಟ್ಟಿಯೂ ಬೇಡ, ನೀವುವುದೂ ಬೇಡ."

ಯೋಗೀಶ ದಿಂಬಿನ ಮೇಲೆ ಕಾಲಿಟ್ಟು ಮಲಗಿದ. ಹೆಂಡತಿ ಮುಟ್ಟುವ ಹಾಗಿಲ್ಲ ಎಂಬುದೇ ಜ್ವರಕ್ಕಿಂತ ದೊಡ್ಡ ಶಿಕ್ಷೆಯಾಯಿತು.

"ಹೊಟ್ಟೆಕಿಚ್ಚು ಆಯ್ತು ನನಗೆ," ಎಂದ ಗೋಡೆ ನೋಡುತ್ತ.

"ಗೊತ್ತುಂಟು," ಎಂದಳು ಅವಳು. "ಹಾಗಂತ ಅವರನ್ನು ನಡುವಿನಲ್ಲಿ ಬಿಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಗುಣವಾದ ಮೇಲೆ ಅವನೂ ಅವಳ ಜೊತೆ ಮಾಷ್ಟ್ರ ಮನೆಗೆ ಹೋದ. ಅವಳು ಪಟ್ಟಿ ಕೈಗೆತ್ತಿಕೊಳ್ಳುವಷ್ಟರಲ್ಲಿ, "ಕೊಡು, ನಾನು ಕಟ್ತೇನೆ. ನೀನು ಹೇಳಿಕೊಡು," ಎಂದ.

"ಓ, ಯೋಗೀಶ ಕಟ್ಟುದಾ? ಕಟ್ಟು ಮಾರಾಯ," ಎಂದು ಮಾಷ್ಟ್ರು ಕಾಲು ಚಾಚಿದರು.

ಯೋಗೀಶ ನೀವಿದ. ತನ್ನ ಕಾಲಿನಲ್ಲಿ ಇನ್ನೂ ಗಡುಸಾಗಿದ್ದ ಜಾಗ ಇವರಿಗೆ ಮೆತ್ತಗಾಗಿತ್ತು. ಎದೆಯೊಳಗೆ ಮತ್ತೆ ಚುರುಕ್ಕೆಂದಿತು. ಪಾದದಿಂದ ಪಟ್ಟಿ ಸುತ್ತುತ್ತ ಬಂದಾಗ ಮೊಣಕಾಲಿನ ಹತ್ತಿರ ಕೈ ತಾನಾಗಿ ಜಗ್ಗಿತು.

"ಬಿಗಿ ಆಯ್ತು," ಎಂದಳು ಪಂಕಜಾಕ್ಷಿ.

ಅವನು ಅಷ್ಟನ್ನೂ ಬಿಚ್ಚಿ, ಪಾದದಿಂದ ಮತ್ತೆ ಸುತ್ತತೊಡಗಿದ.